ಮೊಸಳೆಯ ಬಗ್ಗೆ ಸ್ವಂತ ಅಭಿಪ್ರಾಯ

ಅನ್ನದ ನಾಲ್ಕು ಅಗುಳುಗಳನ್ನು ಹೆಬ್ಬೆರಳಿನಲ್ಲಿ ಅರೆದು ವಿದ್ಯಾವತಿ ತನ್ನ ವಹಿಯ ಕೊನೆಯ ಪುಟಕ್ಕೆ ಒಂದು ಚೀಟಿ ಅಂಟಿಸುತ್ತಿದ್ದಳು. ಅವ್ವ ದುರ್ಗವ್ವ ಒಲೆಯ ಮುಂದೆ ಕೂತಿದ್ದಳು. ಅಂಚು ಏಳದಿರಲೆಂದು ಚೀಟಿಯ ಮೇಲೆ ತಂಬಿಗೆ ಇಟ್ಟು, ಮನಸ್ಸಿನಲ್ಲೇ ನೂರರವರೆಗೆ ಎಣಿಸಿದಳು.

ದಾಂಡೇಲಿಯ ಬಂಗೂರನಗರದ ಹಿಂದಿರುವ ಹಳೆಯ ಚಾಳಿನಲ್ಲಿ ಹನ್ನೆರಡು ಬಾಗಿಲುಗಳು, ಏಳನೆಯದು ಇವರದು. ಎರಡು ವರ್ಷದ ಹಿಂದೆ ಅವ್ವನ ಹೊಟ್ಟೆಯ ಆಪರೇಷನ್ ಆದಾಗ, ಖಾನಾವಳಿಗೆ ಕೊಡುವ ರೊಟ್ಟಿಯನ್ನು ಅವ್ವನ ಬದಲು ಬಡಿಯಲು ಕೂತವಳು ವಿದ್ಯಾವತಿ. ಅವ್ವ ಹಾಸಿಗೆಯಿಂದ ಎದ್ದಳು. ಮಗಳ ಒಂಬತ್ತನೆಯ ತರಗತಿ ಏಳಲಿಲ್ಲ.

ಈಗ ಅವಳಿಗೆ ಹದಿನೇಳು. ಶಾಲೆ ಬಿಟ್ಟವರನ್ನು ಹತ್ತನೆಯ ಪರೀಕ್ಷೆಗೆ ಕೂಡಿಸುವ ಕೇಂದ್ರವೊಂದು ಹಳಿಯಾಳದಲ್ಲಿತ್ತು. ಅಲ್ಲಿಯ ಅಡಿವೆಯ್ಯ ಸರ್ ಕೊಟ್ಟ ಹತ್ತು ಪಾಠಗಳನ್ನು ಓದಿ, ಪ್ರತಿಯೊಂದರ ಬಗ್ಗೆ ತನಗೆ ಅನಿಸಿದ್ದನ್ನು ಒಂದು ವಹಿಯಲ್ಲಿ ಬರೆದು ಕೊಟ್ಟರೆ ಮಾತ್ರ ಪರೀಕ್ಷೆಯ ಅರ್ಜಿ. ಕೊನೆಯ ದಿನ ಇವತ್ತೇ, ಸಂಜೆ ಐದು ಗಂಟೆ. ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷಕ್ಕೆಂದು ಮುಂಡಗೋಡದ ಮಾವ ಆಗಲೇ ಒಂದು ಗಂಡು ಗೊತ್ತು ಮಾಡಿ ಇಟ್ಟಿದ್ದ.

ತಂಬಿಗೆ ಎತ್ತಿ ಅವಳು ಚೀಟಿಯನ್ನು ಇನ್ನೊಮ್ಮೆ ಓದಿದಳು. ‘ಇಲ್ಲಿನ ಅಭಿಪ್ರಾಯಗಳು ಅಭ್ಯರ್ಥಿಯ ಸ್ವಂತದವೆಂದು ಓದಿ ದೃಢಪಡಿಸಿದ್ದೇವೆ’. ಕೆಳಗೆ ಇಬ್ಬರು ನೆರೆಯವರ ಸಹಿಗೆ ಎರಡು ಗೆರೆಗಳು. ಆ ‘ಓದಿ’ ಎಂಬುದೊಂದು ಇಲ್ಲದಿದ್ದರೆ ಚಾಳಿನ ಜನ ಕೊರಿಯರ್‌ನವನ ಕಾಗದಕ್ಕೆ ಗೀಚಿದ ಹಾಗೆ ಎರಡು ನಿಮಿಷದಲ್ಲಿ ಗೀಚಿ ಕೊಡುತ್ತಿದ್ದರು. ಅಡಿವೆಯ್ಯ ಸರ್‌ಗೆ ಈ ಚಾಳು ಗೊತ್ತಿರಲಿಲ್ಲ.

ಕೆಲಸದ ದಿನವಾದ್ದರಿಂದ ಓದು ಬಲ್ಲವರಲ್ಲಿ ಮನೆಯಲ್ಲಿದ್ದವರು ಇಬ್ಬರೇ. ಮೊದಲನೆಯವಳು ಪಕ್ಕದ ಬಾಗಿಲ ಗಿರಿಜಾಬಾಯಿ. ಏಳನೇತ್ತ, ಅಂದರೆ ಏಳನೆಯ ತರಗತಿ, ಪಾಸಾದವಳೆಂಬುದನ್ನು ಆಕೆ ಮೂಗುತಿಯಂತೆ ಯಾವಾಗಲೂ ತೊಟ್ಟುಕೊಂಡೇ ಇರುತ್ತಿದ್ದಳು.

“ಓದಿ ಅಂತ ಬರ್ದಾರ, ಓದದೆ ಸಹಿ ಮಾಡಿದ್ರ ಪಾಪ ಹತ್ತತೈತಿ,” ಎಂದು ಕಟ್ಟೆಯ ಮೇಲೆ ಕೂತು ವಹಿ ಬಿಡಿಸಿದಳು. ಅಡಕೆ ಅಗಿಯುವಂತೆ ತುಟಿ ಆಡಿಸುತ್ತ ಓದಿದಳು. ಮಂಗಟ್ಟೆ ಹಕ್ಕಿಯ ಲೇಖನದ ಪುಟಕ್ಕೆ ಬಂದಾಗ ತುಟಿ ನಿಂತಿತು.

ವಿದ್ಯಾವತಿ ಬರೆದಿದ್ದಳು: ‘ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಗಂಡು ಹಣ್ಣು ತಂದು ಸಂದಿಯಲ್ಲಿ ಕೊಡುತ್ತದೆ. ಇದನ್ನು ಲೇಖನ ಪ್ರೀತಿ ಎನ್ನುತ್ತದೆ. ಇರಬಹುದು. ಆದರೆ ಇವತ್ತು ಯಾವ ಹಣ್ಣು ಬೇಕು ಎಂದು ಒಳಗಿನ ಹಕ್ಕಿಯನ್ನು ಕೇಳಿದ ಮಾತು ಲೇಖನದಲ್ಲಿಲ್ಲ.’

“ಯಾರಿಗೆ ಬರ್ದಿ ಇದನ್ನ?”

“ಹಕ್ಕಿಗೆ ರೀ ಕಾಕು.”

“ಪೊಟರಿ ಅಂದ್ರ ನಮ್ಮ ಮನಿ, ಸಂದಿ ಅಂದ್ರ ನಮ್ಮ ಕಿಡಕಿ. ನನಗ ತಿಳೀದಂತ ಮಾಡೀಯೇನ? ನಮ್ಮ ಲಕ್ಷ್ಮೀದೇವಿಗೆ ನಾ ಏನ್ ಕಡಿಮಿ ಮಾಡೀನಿ? ಸಂತೀಗೆ ಹೋಗಂಗಿಲ್ಲಂದ್ರ ಅದು ಆಕೀ ಕಾಲ ನೋಯ್ತಾವಂತ!”

ಬರೆಯುವಾಗ ವಿದ್ಯಾವತಿಗೆ ಗಿರಿಜಾಬಾಯಿಯ ಸೊಸೆ ನೆನಪೇ ಆಗಿರಲಿಲ್ಲ. ಹಾಗೆಂದು ಹೇಳಲು ಬಾಯಿ ತೆರೆದಳು. ಎದುರಿನವರ ದನಿ ಏರಿದರೆ ಇವಳ ದನಿ ಒಳಗೇ ಕೂತುಬಿಡುವುದು ಹಳೆಯ ಕಾಯಿಲೆ.

“ಹರಿ ಅದನ್ನ. ನಾ ಹೇಳ್ತೇನಿ, ಬರಕೊ. ‘ಹೊರಗೆ ಹಾರುವವರಿಗೆ ಮನೆಯ ನೆಳಲಿನ ಬೆಲೆ ತಿಳಿಯದು. ಪೊಟರೆಯೊಳಗಿನ ಹಕ್ಕಿ ಕಣ್ಣು ಮುಚ್ಚಿದರೆ ಕಾಡೆಲ್ಲ ಅದರದೇ.’ ಹಾಂ! ಈಗ ಸಹಿ ಮಾಡ್ತೇನಿ.”

ವಹಿಯಲ್ಲಿ ಕಾಟು ಹೊಡೆದಿರಬಾರದೆಂದು ಸರ್ ಹೇಳಿದ್ದರು. ವಿದ್ಯಾವತಿ ಹಾಳೆ ಹರಿದು ಹೊಸ ಹಾಳೆಯಲ್ಲಿ ಬರೆದಳು. ಗಿರಿಜಾಬಾಯಿ ಕನ್ನಡಕ ಒರೆಸಿಕೊಳ್ಳಲು ಒಳಗೆ ಹೋದಾಗ ಕಿಟಕಿಯ ಸರಳಿನ ಹಿಂದೆ ಲಕ್ಷ್ಮೀದೇವಿಯ ಮುಖ ಕಾಣಿಸಿತು.

“ಆ ಹಕ್ಕಿ ಎಷ್ಟ ದಿನಾ ಒಳಗಿರತೈತಿ ವಿದ್ಯಾ?” ಎಂದು ಪಿಸುಗುಟ್ಟಿದಳು.

“ಮೂರು ತಿಂಗಳಂತ್ರಿ ವೈನಿ.”

“ಬರೇ ಮೂರ?” ಎಂದು ಲಕ್ಷ್ಮೀದೇವಿ ಸರಿದು ಹೋದಳು.

ಎರಡನೆಯವನು ಚಾಳಿನ ತುದಿಯ ಶೇಖಪ್ಪ. ಕಾಗದ ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ಚಾಳಿನ ಬಾಯಿಯ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು, ಹೋಗಿ ಬರುವವರನ್ನು ಗೇಟ್‌ಪಾಸ್ ಕೇಳುವವನಂತೆ ನೋಡುತ್ತ, ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದ. ಗಿರಿಜಾಬಾಯಿ ಸಹಿ ಮಾಡಿಕೊಟ್ಟು ತಾನೂ ಹಿಂದೆಯೇ ಬಂದಳು. ಬಂದವಳು ಸುಮ್ಮನಿರದೆ ಮೊಸಳೆಯ ಪುಟವನ್ನೇ ತೆರೆದು ಕೊಟ್ಟಳು.

“ಇದನ್ನ ಓದ್ರಿ ಶೇಖಪ್ಪಣ್ಣಾರ. ಭಾಳ ಚೊಲೊ ಬರ್ದಾಳ.”

ಅಲ್ಲಿತ್ತು: ‘ಕಾಳಿ ನದಿಯ ದಂಡೆಯಲ್ಲಿ ಮೊಸಳೆ ದಿನವಿಡೀ ಬಾಯಿ ತೆರೆದು ಬಿದ್ದಿರುತ್ತದೆ. ಅದು ಯಾರನ್ನೋ ತಿನ್ನಲು ಎಂದುಕೊಂಡಿದ್ದೆ. ಮೈ ತಂಪು ಮಾಡಿಕೊಳ್ಳಲು ಎಂದು ಈ ಲೇಖನದಿಂದ ತಿಳಿಯಿತು. ಅಂದಿನಿಂದ ಹೆದರಿಕೆ ಹೋಗಿ ಕನಿಕರ ಬಂದಿದೆ. ಎಷ್ಟು ದೊಡ್ಡ ಬಾಯಿ, ಎಷ್ಟು ಸಣ್ಣ ಕೆಲಸ.’

ಶೇಖಪ್ಪ ಮೂರು ಸಲ ಓದಿದ. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಅದು ಅರಿವಾಗಿ ಟಪ್ಪನೆ ಮುಚ್ಚಿದ.

“ದಂಡಿ ಅಂದ್ರ ಈ ಕಟ್ಟಿ. ಹೌದಲ್ಲೊ?”

“ಅಲ್ರಿ ಕಾಕಾ, ಮೊಸಳಿ...”

“ಸಣ್ಣ ಕೆಲಸ! ಮೂವತ್ತು ವರ್ಷ ಗೇಟ್ ಕಾದೇನಿ. ಒಂದು ಹಾಳಿ ಹೊರಗ ಹೋಗಗೊಟ್ಟಿಲ್ಲ. ನಿಮ್ಮಪ್ಪ ಇದ್ದಿದ್ರ ನೀ ಹಿಂಗ ಬರೀತಿದ್ದೇನ?”

ಅಪ್ಪನ ಮಾತು ಬಂದ ಮೇಲೆ ಅವಳು ವಹಿಗೆ ಕೈ ಹಾಕಿದಳು. ಎರಡನೆಯ ಹಾಳೆಯೂ ಹರಿಯಿತು. ಶೇಖಪ್ಪ ಕಣ್ಣು ಮುಚ್ಚಿ, ಹಾಡು ಹೇಳಿಸುವವನಂತೆ ಕೈ ಆಡಿಸುತ್ತ ಬರೆಸಿದ: ‘ಮೊಸಳೆ ಸುಮ್ಮನೆ ಮಲಗಿಲ್ಲ. ನದಿಯನ್ನು ಕಾಯುತ್ತಿದೆ. ಕಾಯುವವನ ದಣಿವು ಕಾದವನಿಗೇ ಗೊತ್ತು.’

ಸಹಿಗೆ ಪೆನ್ನು ಎತ್ತಿದವನು ಮತ್ತೆ ತಡೆದ. “ಉಳಿದದ್ದನ್ನೂ ನೋಡೂಣು. ಯಾರ್ಯಾರ ಮಾನ ಕಳೆದೀಯೋ ಏನೋ.”

ಹೀಗೆ ಇಬ್ಬರೂ ಪುಟ ಪುಟ ಶೋಧಿಸಿದರು. ಇರುವೆಯ ಪಾಠದಲ್ಲಿ ಗಿರಿಜಾಬಾಯಿಗೆ ತನ್ನ ತವರುಮನೆ ಸಿಕ್ಕಿತು. ಜಿಪುಣ ವ್ಯಾಪಾರಿಯ ಕತೆಯಲ್ಲಿ ಶೇಖಪ್ಪನಿಗೆ ತನ್ನ ಬೀಗ ಸಿಕ್ಕ. ಗಡಿಯಾರದ ಬಗೆಗಿನ ಲೇಖನದಲ್ಲಿ ಇಬ್ಬರಿಗೂ ಯಾರೂ ಸಿಗದೆ, ಹಾಗಾದರೆ ಅದು ಚಾಳಿನ ಎಲ್ಲರ ಬಗ್ಗೆಯೂ ಇರಬೇಕೆಂದು ತೀರ್ಮಾನವಾಯಿತು. ವಿದ್ಯಾವತಿಯ ಬೆರಳು ಮರಗಟ್ಟಿತು. ಅವಳು ಬರೆದಳು, ಹರಿದಳು, ಬರೆದಳು.

ಮಧ್ಯಾಹ್ನದ ಹೊತ್ತಿಗೆ ಒಂದು ಪುಟ ಮಾತ್ರ ಅವಳು ಬರೆದಂತೆಯೇ ಉಳಿದಿತ್ತು. ಗಿರಿಜಾಬಾಯಿ ಅದನ್ನು ರೊಟ್ಟಿ ಕಟ್ಟುತ್ತಿದ್ದ ದುರ್ಗವ್ವನಿಗೆ ಓದಿ ಹೇಳಿದಳು. ಅವ್ವನಿಗೆ ಓದಲು ಬಾರದು. ‘ಶಾಲೆ ಬಿಟ್ಟ ಹುಡುಗಿ ಮರಳಿ ಶಾಲೆಗೆ ಹೋಗುವ ಕತೆ ಚೆನ್ನಾಗಿದೆ. ಅವಳು ಶಾಲೆ ಬಿಟ್ಟದ್ದು ಒಂದು ಸಾಲಿನಲ್ಲಿದೆ, ಮರಳಿ ಹೋದದ್ದು ಆರು ಪುಟ. ನನಗೆ ಗೊತ್ತಿರುವ ಹುಡುಗಿಯ ವಿಷಯದಲ್ಲಿ ಇದು ತಿರುಗಾ ಮುರುಗಾ ಆಗಿದೆ.’

ದುರ್ಗವ್ವ ರೊಟ್ಟಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ಹೊಟ್ಟೆಯ ಹೊಲಿಗೆಯ ಮೇಲೆ ಒಂದು ಕೈ ಇಟ್ಟುಕೊಂಡು ಹಿತ್ತಲಿಗೆ ಹೋದಳು.

ಈ ಹಾಳೆಯನ್ನು ಹರಿ ಎಂದು ಯಾರೂ ಹೇಳಲಿಲ್ಲ. ವಿದ್ಯಾವತಿ ತಾನೇ ಹರಿದಳು. ಹರಿದ ಹಾಳೆಗಳನ್ನೆಲ್ಲ ಒಲೆಗೆ ಹಾಕಿದಳು. ಆ ಜಾಗದಲ್ಲಿ ‘ತಾಯಿಯೇ ಮೊದಲ ಶಾಲೆ’ ಎಂಬಂಥದ್ದೊಂದು ಬರೆದಳು. ಶೇಖಪ್ಪ ಅದಕ್ಕೆ ತಲೆದೂಗಿ, ಗೇಟಿನ ರಿಜಿಸ್ಟರಿಗೆ ಹಾಕುತ್ತಿದ್ದ ಬಾಲವುಳ್ಳ ದೊಡ್ಡ ಸಹಿ ಹಾಕಿದ. ಅದರ ಬಾಲ ಗಿರಿಜಾಬಾಯಿಯ ಹೆಸರಿನ ಮೇಲೆಯೇ ಹಾದು ಹೋಯಿತು. ಅದಕ್ಕೊಂದು ಜಗಳವಾಯಿತು.

“ನಾವೂ ಬರ್ತೇವಿ,” ಎಂದ ಶೇಖಪ್ಪ ಕೊನೆಗೆ. “ಸಹಿ ಮಾಡಿದವರು ಖುದ್ದ ನಿಂತ್ರ ವಜನ ಬ್ಯಾರೆ. ಈ ಹುಡುಗಿ ಬಾಯಿ ತೆರೆಯೂದ್ರಾಗ ಆಫೀಸು ಮುಚ್ಚಿರತೈತಿ.”

ಹಳಿಯಾಳದ ಬಸ್ಸು ಕೆಮ್ಮು ಹಿಡಿದ ಎಮ್ಮೆಯಂತೆ ಏದುಸಿರು ಬಿಡುತ್ತ ಸಾಗಿತು. ಇಬ್ಬರೂ ಸೀಟಿಗಾಗಿ ಕಾದಾಡಿ ಗೆದ್ದು ಕೂತರು. ವಿದ್ಯಾವತಿ ವಹಿಯನ್ನು ಎದೆಗವಚಿಕೊಂಡು ಕಂಬ ಹಿಡಿದು ನಿಂತಳು. ವಹಿಯಲ್ಲಿ ತನ್ನದೆನ್ನುವ ಒಂದು ಸಾಲೂ ಇರಲಿಲ್ಲ. ಇರಲಿ, ಪರೀಕ್ಷೆಗೆ ಕೂತರಾಯಿತು, ಅನಿಸಿದ್ದನ್ನು ಆಮೇಲೆ ಎಂದಾದರೂ ಬರೆಯಬಹುದು ಎಂದುಕೊಂಡಳು.

ಕೇಂದ್ರ ತಲುಪಿದಾಗ ನಾಲ್ಕೂವರೆ. ಅಡಿವೆಯ್ಯ ಸರ್ ವಹಿಗಳ ರಾಶಿಯ ಹಿಂದೆ, ಗೋಡೆ ಕಟ್ಟಿಕೊಂಡವರಂತೆ ಕೂತಿದ್ದರು. ಬೇಸರದಿಂದಲೇ ಇವಳದನ್ನು ತೆರೆದರು. ಒಂದು ಪುಟ, ಎರಡು ಪುಟ. ಬೆನ್ನು ನೆಟ್ಟಗಾಯಿತು.

“‘ಕಾಯುವವನ ದಣಿವು ಕಾದವನಿಗೇ ಗೊತ್ತು’,” ಎಂದು ಗಟ್ಟಿಯಾಗಿ ಓದಿದರು. “ಅಬ್ಬಬ್ಬಾ! ಬೆಳಗಿನಿಂದ ಗೈಡು ನೋಡಿ ಇಳಿಸಿದ್ದನ್ನೇ ಓದಿ ಕಣ್ಣು ಹೋಗಿದ್ವು. ‘ಕಣ್ಣು ಮುಚ್ಚಿದರೆ ಕಾಡೆಲ್ಲ ಅದರದೇ’! ಇಷ್ಟು ಸಣ್ಣ ವಯಸ್ಸಿಗೆ ಇಂಥಾ ವಿಚಾರ ಎಲ್ಲಿಂದ ಬಂತು ತಂಗಿ?”

ವಿದ್ಯಾವತಿಯ ಎದೆ ಹಗುರಾಯಿತು. ತಲೆ ತಗ್ಗಿಸಿ ನಿಂತರೆ ಸಾಕು, ಇನ್ನೊಂದು ನಿಮಿಷದಲ್ಲಿ ಅರ್ಜಿ ಕೈಗೆ ಬರುತ್ತದೆ. ಆದರೆ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು.

“ಮೊಸಳೀದು ನಾ ಹೇಳಿದ್ದ ರೀ ಸರ್,” ಎಂದ ಶೇಖಪ್ಪ, ಅಂಗಿಯ ಕಾಲರು ಸರಿ ಮಾಡಿಕೊಳ್ಳುತ್ತ.

“ಹಕ್ಕೀದು ನಂದ ರೀ,” ಎಂದು ಗಿರಿಜಾಬಾಯಿ ಅವನನ್ನು ಮೊಣಕೈಯಲ್ಲಿ ನೂಕಿ ಮುಂದೆ ಬಂದಳು. “ಇರುವೀದೂ ನಂದ. ಏಳನೇತ್ತಾದಾಗ ಪ್ರಬಂಧಕ್ಕ ಬಹುಮಾನ ಬಂದಿತ್ತು ನನಗ.”

“ಜಿಪುಣಂದು, ಗಡಿಯಾರದ್ದು ನಂದು,” ಎಂದ ಶೇಖಪ್ಪ. “ಆಕೀ ಬರೇ ಬರಕೊಂಡಾಳ. ಅಕ್ಷರ ಮಾತ್ರ ದುಂಡಗ ಅದಾವ, ಸುಳ್ಳ್ಯಾಕ ಹೇಳೂದು.”

ಅಡಿವೆಯ್ಯ ಸರ್ ಕೊನೆಯ ಪುಟ ತಿರುವಿದರು. ಬಾಲವುಳ್ಳ ಸಹಿಯನ್ನು ನೋಡಿದರು. ವಹಿಯನ್ನು ಮೆಲ್ಲಗೆ ಮುಚ್ಚಿದರು.

“ಹೌದೇನವಾ?”

“ಮೊದಲ ಬ್ಯಾರೆ ಬರ್ದಿದ್ದೆ ರೀ ಸರ್. ನಂದ.”

“ಎಲ್ಲೈತಿ?”

“ಒಲಿಗೆ ಹಾಕಿದೆ ರೀ.”

ಸರ್ ನಿಟ್ಟುಸಿರು ಬಿಟ್ಟರು. “ಎಲ್ಲಾರೂ ಹಿಂಗ ಹೇಳ್ತಾರ. ಸ್ವಂತದ್ದಲ್ಲಂದ್ರ ಈ ವರ್ಷ ಅರ್ಜಿ ಕೊಡಾಕ ಬರಂಗಿಲ್ಲ ತಂಗಿ. ಮುಂದಿನ ವರ್ಷ ನೋಡೂಣು.”

ಆಮೇಲೆ ಅವರ ಕಣ್ಣು ಶೇಖಪ್ಪನ ಕಡೆ ಹೊರಳಿತು. “ನಿಮ್ಮದು ಎಷ್ಟನೇತ್ತ ಆಗೇತ್ರಿ ಹಿರಿಯಾರ?”

“ಹತ್ತನೇತ್ತ ರೀ. ಇಂಗ್ಲೀಷ್ ಎರಡು ಸಲ ಹೋತು. ಆಮ್ಯಾಲ ಗೇಟಿಗೆ ಹತ್ತಿದೆ.”

“ನಮ್ಮಲ್ಲಿ ವಯಸ್ಸಿನ ಅಡ್ಡಿಯಿಲ್ಲ. ನಿಮ್ಮಂಥವರು ಕೂತರ ಕೇಂದ್ರಕ್ಕ ಮರ್ಯಾದಿ. ಅರ್ಜಿ ಇವತ್ತ ತುಂಬ್ರಿ. ವಹಿ ಒಂದು ವಾರ ಬಿಟ್ಟು ಕೊಟ್ರೂ ನಡೀತೈತಿ, ನಾ ನೋಡ್ಕೋತೇನಿ.”

ಶೇಖಪ್ಪನ ಮುಖ ಸುಣ್ಣ ಹಚ್ಚಿದ ಗೋಡೆಯಂತೆ ಬೆಳಗಿತು. “ಕೈ ನಡಗತಾವಲ್ರಿ ಸರ್, ಅಷ್ಟು ಬರೀಲಿ ಹೆಂಗ?”

“ಅಯ್ಯ, ನಮ್ಮ ವಿದ್ಯಾ ಇಲ್ಲೇನ?” ಎಂದಳು ಗಿರಿಜಾಬಾಯಿ. “ನೀವು ಹೇಳ್ರಿ, ಆಕೀ ಬರಕೋತಾಳ. ನೆರಿಯಾಕೀ ಅಂತ ಸಹೀನೂ ಮಾಡ್ತಾಳ.”

ಇಬ್ಬರೂ ಮೇಜಿನ ಮೇಲೆ ಬಗ್ಗಿದರು. ಹುಟ್ಟಿದ ತಾರೀಖು ಯಾವುದೆಂದು ಶೇಖಪ್ಪ ಬೆರಳು ಮಡಿಚುತ್ತಿದ್ದ. ಗಿರಿಜಾಬಾಯಿ ಅದು ತಪ್ಪೆಂದು ವಾದಿಸುತ್ತಿದ್ದಳು. ಸರ್ ಹೊಸ ಅರ್ಜಿಯ ಧೂಳು ಕೊಡವುತ್ತಿದ್ದರು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

ವಿದ್ಯಾವತಿ ಒಂದು ಹೆಜ್ಜೆ ಮುಂದೆ ಬಂದಳು. ಆ ದಿನದಲ್ಲೇ ಮೊದಲ ಸಲ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು:

“ಸರ್, ನನಗೂ ಒಂದು ವಾರ ಕೊಡ್ರಿ.”