ಹಾರ್ಡ್ ಡಿಸ್ಕಿಗೆ ಕಟ್ಟಿದ ಪೂಜೆಯ ದಾರ

ಬೀಗ ಹಾಕಿ ಒಮ್ಮೆ ಜಗ್ಗಿ ನೋಡಿ ಮನೆಗೆ ಹೋಗಿ ಉಣ್ಣುವವರು ಪುಣ್ಯವಂತರು. ನಾನು ಓಣಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಮತ್ತೆ ಜಗ್ಗುವವನು. ರಾಯಚೂರಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಲಗ್ನಪತ್ರಿಕೆ, ಮಕ್ಕಳ ಜವಳದ ಕಾರ್ಡು, ಶ್ರದ್ಧಾಂಜಲಿ, ಎಲ್ಲಕ್ಕೂ ಮಂದಿ ನಮ್ಮಲ್ಲಿಗೆ ಬರುತ್ತಾರೆ. ಅಲ್ಲಿ ಕದಿಯುವಂಥದ್ದು ಏನಿದೆ ಎಂದು ಹೆಂಡತಿ ಶಾಂತಮ್ಮನ ಪ್ರಶ್ನೆ. "ಆ ಹಳೀ ಮಷೀನ್ ಹೊತಗೊಂಡು ಹೋದ್ರ ಕಳ್ಳನ ನಡಾ ಮುರಿತದ, ಪಾಪ" ಎನ್ನುತ್ತಾಳೆ. ನನಗೆ ಮಾತ್ರ ಸಮಾಧಾನವಿಲ್ಲ. ಆದರೆ ನನಗೂ ಕಳ್ಳ ಎಂದರೆ ಒಯ್ಯುವವನು ಎಂದಷ್ಟೇ ಗೊತ್ತಿತ್ತು. ಎಲ್ಲವನ್ನೂ ಇದ್ದಲ್ಲೇ ಬಿಟ್ಟು, ಮೇಲೆ ತನ್ನದೊಂದು ಬೀಗ ಜಡಿದು, ಕೀಲಿಗೆ ಬೆಲೆ ಹೇಳುವ ಕಳ್ಳನೂ ಇದ್ದಾನೆಂದು ಈ ಸಲದ ಲಗ್ನದ ಹಂಗಾಮಿನಲ್ಲಿ ತಿಳಿಯಿತು.

ಮಸರಕಲ್ಲಿನ ತಾಯಪ್ಪ ಮಾಸ್ತರರ ಮಗಳ ಲಗ್ನ. ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರನ್ನು ಯಾರೂ ಅಷ್ಟು ಲಕ್ಷ್ಯಗೊಟ್ಟು ಓದುವುದಿಲ್ಲ. ಚಾಳೀಸು ಏರಿಸಿಕೊಂಡು ಓದುವುದು ಕೆಳಗಿನ 'ತಮ್ಮ ಆಗಮನ ಬಯಸುವವರು' ಎಂಬ ಭಾಗವನ್ನು. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರದು ಬಿಟ್ಟೇ ಹೋಗಿದೆ! ಬಾಗಲವಾಡದ ಸೋದರಮಾವ ತನ್ನ ಹೆಸರು ಮೊದಲಿರಬೇಕು ಎಂದ. ಗಿಲ್ಲೆಸುಗೂರಿನಲ್ಲಿರುವ ಕಾಕಾ, ಅಂದರೆ ಮಾಸ್ತರರ ತಮ್ಮ, ತನ್ನದೇ ಮೊದಲು ಎಂದ. ಇಬ್ಬರೂ ಪ್ರೆಸ್ಸಿನ ಬೆಂಚಿನ ಎರಡು ತುದಿಗೆ ಕುಳಿತು, ನನ್ನ ಕೈಯಿಂದ ಹೆಸರುಗಳನ್ನು ಮೇಲೆ ಕೆಳಗೆ ಹತ್ತಿಸಿ ಇಳಿಸಿದರು. ಸೋದರಮಾವ ಸಿಟ್ಟಿನಿಂದ ಎದ್ದು ಹೋಗಿ ಮತ್ತೆ ಬಂದ. ಕೊನೆಗೆ ಮಾಸ್ತರರ ಹೆಂಡತಿ ಹುಲಿಗೆಮ್ಮ ಅಣ್ಣನಿಗೂ ಮೈದುನನಿಗೂ ಚಹಾ ಕುಡಿಸಿ, ಬೈದು, ಅತ್ತು, ಹೇಗೋ ಒಪ್ಪಿಸಿದಳು.

"ಪ್ರೂಫ್ ಫೋನಿಗೆ ಕಳಿಸಲೇನ್ರಿ ಮಾಸ್ತರ?" ಎಂದೆ.

"ಯಪ್ಪಾ, ಕೈ ಮುಗೀತೀನಿ, ಕಳಿಸಬ್ಯಾಡ್ರಿ! ಕಾಗದದ ಮ್ಯಾಲೂ ತೆಗೀಬ್ಯಾಡ್ರಿ. ನಮ್ಮ ತಮ್ಮನ ಹೆಂಡತಿ ನೋಡಿದ್ಲಂದ್ರ ಮತ್ತ ಮೊದಲಿಂದ ಶುರು ಆಗ್ತದ. ಸೀದಾ ಪ್ರಿಂಟ್ ಹಾಕಿಬಿಡ್ರಿ" ಎಂದರು. ಹೀಗಾಗಿ ಆ ಒಪ್ಪಂದ ಇದ್ದದ್ದು ನನ್ನ ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ.

ಮರುದಿನ ಬೆಳಿಗ್ಗೆ ಒಂದು ಮೇಲ್ ಬಂತು. 'ಕಾರ್ಡಿನ ಮ್ಯಾಟರ್ ಕಳಿಸಿದ್ದೇವೆ, ತೆರೆದು ನೋಡಿ.' ಗುರುತಿಲ್ಲದವರು ಕಳಿಸಿದ್ದನ್ನು ತೆರೆಯಬೇಡಿ ಎಂದು ಬುದ್ಧಿವಂತರೆಲ್ಲ ಹೇಳುತ್ತಾರೆ. ನನ್ನ ಹೊಟ್ಟೆಪಾಡೇ ಗುರುತಿಲ್ಲದವರು ಕಳಿಸಿದ್ದನ್ನು ತೆರೆಯುವುದಲ್ಲವೇ! ತೆರೆದೆ. ಏನೂ ಕಾಣಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಬೇಸತ್ತು ಚಹಾ ಕುಡಿದು ಬರುವಷ್ಟರಲ್ಲಿ ಫೈಲುಗಳ ಹೆಸರಿಗೆಲ್ಲ ಯಾವುದೋ ವಿಚಿತ್ರ ಬಾಲ ಅಂಟಿತ್ತು, ಒಂದೂ ತೆರೆಯುತ್ತಿಲ್ಲ. ಪರದೆಯ ತುಂಬ ಇಂಗ್ಲಿಷಿನ ಒಂದು ನೋಟೀಸು. ಎಂಥ ಸಭ್ಯ ಭಾಷೆ ಅಂತೀರಿ! ಗಾಬರಿಯಾಗಬೇಡಿ, ನಿಮ್ಮ ಫೈಲುಗಳು ಸುರಕ್ಷಿತವಾಗಿವೆ, ನಾವು ಬೀಗ ಹಾಕಿದ್ದೇವೆ ಅಷ್ಟೆ, ಕಣ್ಣಿಗೆ ಕಾಣದ ಇಂಥ ನಾಣ್ಯದಲ್ಲಿ ಹಣ ಕೊಟ್ಟರೆ ಕೀಲಿ ಕೊಡುತ್ತೇವೆ, ತಡಮಾಡಿದರೆ ದರ ಏರುತ್ತದೆ. ನಾನು ಗಿರಾಕಿಗಳ ಜೊತೆ ಒಂದು ದಿನವೂ ಇಷ್ಟು ಮರ್ಯಾದೆಯಿಂದ ಮಾತಾಡಿದವನಲ್ಲ. ಕೂತೆ, ಎದ್ದೆ, ಪರದೆ ಒರೆಸಿದೆ, ಹೊರಗೆ ಹೋಗಿ ರಸ್ತೆ ನೋಡಿ ಒಳಗೆ ಬಂದೆ. ಬದನೆಕಾಯಿಗೂ ಚೌಕಾಸಿ ಮಾಡುವ ಊರಿನವನು. 'ಬೋಣಿ ಟೈಮು, ಒಂಚೂರು ನೋಡಿ ಹೇಳ್ರಿ' ಎಂದು ಅವರಿಗೆ ಬರೆಯುವುದೊಂದು ಬಾಕಿ ಇತ್ತು. ಅದನ್ನು ಬಿಟ್ಟು ಕಂಪ್ಯೂಟರ್ ರಿಪೇರಿಯ ಜಾಫರನನ್ನು ಕರೆದೆ.

ಜಾಫರ್ ನಮ್ಮ ಓಣಿಯವನೇ, ದೊಡ್ಡ ಬಾಯಿಯವನು. ಬಂದವನೇ ಇಂಟರ್ನೆಟ್ಟಿನ ವೈರು ಕಿತ್ತೆಸೆದ. "ರೊಕ್ಕ ಗಿಕ್ಕ ಒಗದೀರಿ, ಹುಷಾರ್! ಕೊಟ್ಟ ಮ್ಯಾಲೆ ಕೀಲಿ ಕೊಡ್ತಾರಂತ ಏನ್ ಗ್ಯಾರಂಟಿ? ಮೊದಲು ಪೊಲೀಸರಿಗೆ ದೂರು ಕೊಡ್ರಿ. ಫಿಕರ್ ಮಾಡಬ್ಯಾಡ್ರಿ, ದಿನಾ ಹಾರ್ಡ್ ಡಿಸ್ಕಿನ್ಯಾಗ ಕಾಪಿ ಮಾಡಾಕತ್ತೀರಲ್ಲ, ಎಲ್ಲಿ ಅದ ಅದು? ತರ್ರಿ."

ತರುವುದೇನು ಬಂತು, ಅದು ಅಲ್ಲೇ ಇತ್ತು. ಕಾಪಿ ಮಾಡಿದ ಮೇಲೆ ಡಿಸ್ಕು ಕಿತ್ತು ಬೇರೆ ಕಡೆ ಇಡಬೇಕೆಂದು ಅವನು ಹಿಂದೆಯೇ ಹೇಳಿದ್ದ. ದಸರೆಯವರೆಗೂ ಹಾಗೇ ಮಾಡಿದೆ. ಖಂಡೇ ಪೂಜೆಯ ದಿನ ಶಾಂತಮ್ಮ ಮಷೀನಿಗೂ ಕತ್ತರಿಗೂ ಕುಂಕುಮ ಹಚ್ಚಿ, ಕಂಪ್ಯೂಟರನ್ನೂ ಪಕ್ಕದಲ್ಲಿದ್ದ ಡಿಸ್ಕನ್ನೂ ಸೇರಿಸಿ ಒಂದೇ ಅರಿಶಿನ ದಾರ ಸುತ್ತಿದಳು. "ಎರಡೂ ಕೂಡೇ ಇರ್ಲಿ. ಪೂಜಿ ದಾರ ನಾವು ಹರೀಬಾರದು, ತಾನಾಗೇ ಬಿಚ್ಚಿ ಬೀಳಬೇಕು" ಎಂದಳು. ನನ್ನಂಥ ಅಂಜುಬುರುಕ ಹರಿದಾನೆಯೇ? ದಾರ ಹರಿದ ದಿನವೇ ಮಷೀನು ಕೆಟ್ಟರೆ ಯಾರು ಹೊಣೆ! ಅಂದಿನಿಂದ ಡಿಸ್ಕು ಹಗಲೂ ರಾತ್ರಿ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತು. ಜಾಫರ್ ಅದನ್ನು ತನ್ನ ಕಡೆಯ ಯಾವುದೋ ಉಪಾಯದಿಂದ ತೆರೆದು ನೋಡಿದ. ಅಲ್ಲೂ ಅದೇ ಬಾಲ.

"ಭಾಬಿ ಎರಡಕ್ಕೂ ಲಗ್ನಾನ ಮಾಡಿಬಿಟ್ಟಾರಲ್ರೀ!" ಎಂದು ಹಣೆ ಬಡಿದುಕೊಂಡ. "ಗಂಡಗ ಬಂದ ಬ್ಯಾನಿ ಹೆಂಡತಿಗೆ ಬರದ ಬಿಡ್ತದೇನು?"

ಉಳಿದ ಕಾರ್ಡುಗಳನ್ನು ಹೊಸದಾಗಿ ಮಾಡಬಹುದಿತ್ತು. ಮಾಸ್ತರರದನ್ನು ಹೇಗೆ ಮಾಡುವುದು? ಫೋನು ಮಾಡಿದೆ. ಗಂಡ ಹೆಂಡತಿ ಇಬ್ಬರೂ ಓಡಿ ಬಂದರು. ಮೊದಲ ಹೆಸರು ಯಾರದಿತ್ತೆಂದು ಸೋದರಮಾವನಿಗೆ ಫೋನು ಹಚ್ಚಿದರೆ "ನಂದು" ಎಂದ. ಕಾಕಾನಿಗೆ ಹಚ್ಚಿದರೆ "ನಂದೇ, ಮತ್ತ್ಯಾರದು?" ಎಂದ. ಅಷ್ಟು ಸಲ ಹತ್ತಿಸಿ ಇಳಿಸಿದ ನನಗೂ, ಜಗಳ ಬಿಡಿಸುವುದರಲ್ಲೇ ಮುಳುಗಿದ್ದ ಗಂಡ ಹೆಂಡತಿಗೂ ನೆನಪಿರಲಿಲ್ಲ. ತಪ್ಪಿ ಹೆಸರು ಕೆಳಗೆ ಬಿದ್ದರೆ ಲಗ್ನಕ್ಕೆ ಬರುವುದಿಲ್ಲ ಎಂದು ಇಬ್ಬರೂ ಮೊದಲೇ ಹೇಳಿಟ್ಟಿದ್ದರು.

"ಅಣ್ಣ ಬರಲಿಲ್ಲಂದ್ರ ನನ್ನ ಮಗಳ ಕೈ ಹಿಡಿದು ಮಂಟಪಕ್ಕ ಯಾರು ಕರಕೊಂಡು ಬರ್ಬೇಕ್ರೀ?" ಎಂದು ಹುಲಿಗೆಮ್ಮ ಕಣ್ಣೀರು ಹಾಕಿದಳು. ಒಂದು ಗುಂಡಿ ಒತ್ತಿದ ತಪ್ಪಿಗೆ ಕಂಡವರ ಮಗಳ ಲಗ್ನಕ್ಕೆ ಕಲ್ಲು ಹಾಕಿದೆನಲ್ಲ ಎಂದು ಸಂಕಟವಾಯಿತು. ಕಳ್ಳರಿಗೆ ಹಣ ಕೊಟ್ಟೇ ಬಿಡೋಣ ಎಂದೂ ಅಂದೆ. ಜಾಫರ್ ಕಣ್ಣು ಕೆಕ್ಕರಿಸಿದ.

ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ನಿಂತಳು. "ಯಾರ ಹೆಸರೂ ಬ್ಯಾಡ. ಗಂಡು ಹೆಣ್ಣಿಂದು, ನಮ್ಮಿಬ್ಬರದು, ಬೀಗರದು. ಅಷ್ಟ ಹಾಕ್ರಿ."

"ಉಳಿದ ಮಂದಿಗೆ ಏನು ಹೇಳಲೇ?" ಎಂದರು ಮಾಸ್ತರರು.

"ಪ್ರೆಸ್ಸಿನ್ಯಾಂವ ಕಳದಾನ ಅಂತ ಹೇಳ್ರಿ!"

ನಾನು ತಲೆಯಾಡಿಸಿದೆ. ಅದು ಸುಳ್ಳೇನೂ ಆಗಿರಲಿಲ್ಲ.

ಈಗ ನನ್ನ ಬಳಿ ಎರಡು ಡಿಸ್ಕುಗಳಿವೆ. ಒಂದು ಕಾಪಿ ಮಾಡಿದ ಕೂಡಲೇ ಕಿತ್ತು ಕಪಾಟಿಗೆ ಹೋಗುತ್ತದೆ, ಇನ್ನೊಂದು ಮನೆಯಲ್ಲಿ ಜೋಳದ ಡಬ್ಬಿಯ ಹಿಂದೆ. ಗುರುತಿಲ್ಲದವರ ಫೈಲು ತೆರೆಯಲು ಒಂದು ಹಳೆಯ ಕಂಪ್ಯೂಟರ್ ಬೇರೆ ಇಟ್ಟಿದ್ದೇನೆ. ಅದಕ್ಕೆ ಯಾರ ಸಂಬಂಧವೂ ಇಲ್ಲ. ಅಪ್‌ಡೇಟ್ ಮಾಡು ಎಂದು ಪರದೆ ಕೇಳಿದರೆ ನಾಳೆ ಎನ್ನುವುದಿಲ್ಲ. ಕಾಪಿ ಸರಿಯಾಗಿ ತೆರೆಯುತ್ತದೋ ಇಲ್ಲವೋ ಎಂದು ಆಗಾಗ ತೆರೆದೂ ನೋಡುತ್ತೇನೆ. ಇಷ್ಟೆಲ್ಲ ಮಾಡಿದರೆ ನೆಮ್ಮದಿ ಸಿಗುತ್ತದೆ ಎಂದುಕೊಂಡಿದ್ದೆ. ಚಿಂತೆ ಮಾಡುವ ಜಾಗಗಳು ಹೆಚ್ಚಾಗಿವೆ, ಅಷ್ಟೆ.

ಲಗ್ನ ದೇವದುರ್ಗದಲ್ಲಿ ಆಯಿತು. ಹೋಗಲೋ ಬೇಡವೋ ಎಂದು ಒದ್ದಾಡಿ ಕೊನೆಗೆ ಬಸ್ಸು ಹತ್ತಿದೆ. ಮಂಟಪ ಗಿಜಿಗುಡುತ್ತಿತ್ತು. ಹೆಸರು ಬಿಟ್ಟದ್ದಕ್ಕೆ ಜಗಳ ತೆಗೆಯಲೆಂದೇ ಬಳಗವೆಲ್ಲ ಬಂದಿತ್ತು; ಯಾರ ಹೆಸರೂ ಇಲ್ಲವೆಂದು ತಿಳಿದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಸೋದರಮಾವ ಮದುಮಗಳನ್ನು ಕೈಹಿಡಿದು ಕರೆತಂದ, ಅಕ್ಷತೆ ಬಿತ್ತು. ಅಬ್ಬಾ ಎಂದು ಉಸಿರು ಬಿಟ್ಟು ಊಟದ ಪಂಕ್ತಿಯಲ್ಲಿ ಕೂತೆ. ಸೋದರಮಾವ ಕಾರ್ಡು ಹಿಡಿದು ಸೀದಾ ನನ್ನ ಎದುರಿಗೆ ಬಂದ. ಹಿಂದೆ ಕಾಕಾ.

"ಇಡೀ ಕಾರ್ಡಿನ್ಯಾಗ ನಾ ಇಲ್ಲ, ಇಂವ ಇಲ್ಲ. ಇದೊಂದು ಹೆಸರು ಅದ ನೋಡ್ರಿ" ಎಂದು ಕೆಳ ಅಂಚಿನ ಮೇಲೆ ಬೆರಳಿಟ್ಟ. ಸಣ್ಣ ಅಕ್ಷರದಲ್ಲಿತ್ತು: 'ಮುದ್ರಣ: ಈರಣ್ಣ, ರಾಯಚೂರು.' ಯಾವ ಕಾರ್ಡು ಮಾಡಿದರೂ ನನ್ನ ಕೈ ತಾನೇ ಬಡಿಯುವ ಸಾಲು. "ಈರಣ್ಣ ಅಂದ್ರ ಹುಡುಗಿಗೆ ಏನಾಗಬೇಕ್ರೀ?"

ಕಾಕಾ ಹುಗ್ಗಿಯ ಬಕೀಟನ್ನು ನನ್ನ ಕೈಗೆ ಕೊಟ್ಟ. "ಏಳ್ರಿ. ಕಾರ್ಡಿನ್ಯಾಗ ಹೆಸರಿದ್ದವ್ರು ಕುಂತು ಉಣ್ಣಂಗಿಲ್ಲ, ನಿಂತು ಬಡಿಸಬೇಕು."

ಬಡಿಸಿದೆ. ಎಲ್ಲಾ ಕಡೆಯಿಂದಲೂ "ಏ ಈರಣ್ಣಾ, ಇಲ್ಲಿ ಹುಗ್ಗಿ!", "ಈರಣ್ಣಾ, ತುಪ್ಪ!" ಎಂದು ಕೂಗು. ನಾನು ಯಾರ ಯಾರ ಹೆಸರು ಕಳೆದಿದ್ದೆನೋ ಅವರೆಲ್ಲರಿಗೂ ನನ್ನ ಹೆಸರು ಬಾಯಿಪಾಠವಾಗಿತ್ತು.