ಮಾರಿಕುಪ್ಪಂ ಗಾಡಿಯ ಶ್ರುತಿ

ನನಗೆ ಹಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಾನು ಸಂಗೀತದ ಟೀಚರು. ಚೆನ್ನಾಗಿ ಹಾಡುವವರು ವೇದಿಕೆ ಹತ್ತುತ್ತಾರೆ, ಸುಮಾರಾಗಿ ಹಾಡುವವರು ಮನೆಯಲ್ಲಿ ಪಾಠ ಹೇಳುತ್ತಾರೆ, ಏನೂ ಬಾರದೆ ಬಾಯಿ ಮಾತ್ರ ಇರುವ ನನ್ನಂಥವರು ಪ್ರೈಮರಿ ಶಾಲೆಯಲ್ಲಿ ಸಿಕ್ಕಿಬೀಳುತ್ತಾರೆ. ನಮ್ಮಲ್ಲಿ ಯಾರಿಗೆ ಏನು ಬರುತ್ತದೆ ಎಂದು ಯಾರೂ ವಿಚಾರಿಸುವುದಿಲ್ಲ. ಯಾರು ಎದ್ದು ನಿಂತಿದ್ದಾರೆ ಎಂದು ನೋಡುತ್ತಾರೆ, ಅಷ್ಟೇ. ನಮ್ಮ ಶಾಲೆಯ ಹಿರಿಯ ಟೀಚರೊಬ್ಬರ ಬೀಳ್ಕೊಡುಗೆಯ ದಿನ ಪ್ರಾರ್ಥನೆ ಹಾಡಬೇಕಿದ್ದವರು ಬಂದಿರಲಿಲ್ಲ. ನಾನು ಹಾರದ ತಟ್ಟೆ ಎತ್ತಿಕೊಡಲು ಎದ್ದು ನಿಂತಿದ್ದೆ. ತಟ್ಟೆ ಕೈಬಿಟ್ಟುಹೋಗಿ ಮೈಕು ಕೈಗೆ ಬಂತು. ಹಾಡಿದೆ. ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಮುಗಿಯಿತಲ್ಲ ಎಂಬ ಸಂತೋಷಕ್ಕೆ ತಟ್ಟಿದ್ದು ಎಂದು ಈಗ ಅನ್ನಿಸುತ್ತದೆ, ಆದರೆ ಆಗ ನಾನು ನಂಬಿಬಿಟ್ಟೆ. ನಾನು ನಂಬಿದ್ದು ಹಾಗಿರಲಿ, ನಮ್ಮ ಹೆಡ್‌ಮೇಷ್ಟ್ರೂ ನಂಬಿಬಿಟ್ಟರು. ಮರುದಿನ ಕರೆದು, "ಮೇಡಂ, ನಾಲ್ಕನೇ ಕ್ಲಾಸಿಗೆ ಸಂಗೀತ ನಿಮ್ದೇ. ಆಗಲ್ಲ ಅನ್ಬೇಡಿ, ಟೈಂಟೇಬಲ್ ಬರ್ದಾಗೈತೆ" ಎಂದರು.

ನನ್ನ ಸಂಗೀತದ ಬಗ್ಗೆ ಅನುಮಾನವಿದ್ದವರು ಬಂಗಾರಪೇಟೆಯ ನಮ್ಮ ಮನೆಗೆ ಬಂದು ನಮ್ಮತ್ತೆಯನ್ನು ಕೇಳಬಹುದು. ಹೆಣ್ಣು ನೋಡಲು ಬಂದ ದಿನ ಒಂದು ಹಾಡು ಹೇಳಮ್ಮ ಎಂದವರು ಅವರೇ. ನಾನು ಎರಡನೇ ಸಾಲಿಗೆ ಬರುವಷ್ಟರಲ್ಲಿ, "ಸಾಕು ಸಾಕು, ಉಡುಗಿ ಒಪ್ಪಿಗೆ ಆದ್ಳು. ಕುತ್ಕೋಮ್ಮಾ, ಕಾಫಿ ಆರೋಗ್ತೈತೆ" ಎಂದವರೂ ಅವರೇ. ಒಪ್ಪಿಗೆಯಾಗಿ ನಿಲ್ಲಿಸಿದರೋ, ನಿಲ್ಲಿಸುವುದಕ್ಕಾಗಿ ಒಪ್ಪಿದರೋ ಎಂದು ನಮ್ಮವರನ್ನು ಕೇಳಿದರೆ ಇವತ್ತಿಗೂ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ.

ನನ್ನ ತೊಂದರೆ ಇಷ್ಟೇ. ಹಾಡುವವರು ಮೊದಲು 'ಸಾ' ಎಂದು ಒಂದು ಜಾಗ ಹಿಡಿದುಕೊಳ್ಳಬೇಕು, ಹಾಡು ಮುಗಿಯುವವರೆಗೆ ಆ ಜಾಗ ಬಿಡಬಾರದು. ಶ್ರುತಿ ಎಂದರೆ ಅದೇ. ನನ್ನ ಸಾ ಬೆಳಿಗ್ಗೆ ಒಂದು ಕಡೆ ಇರುತ್ತದೆ, ಬಿಸಿಯೂಟವಾದ ಮೇಲೆ ಇನ್ನೊಂದು ಕಡೆ ಇರುತ್ತದೆ. ಪಾಪ, ಮಕ್ಕಳು ನನ್ನನ್ನು ಹುಡುಕಿಕೊಂಡು ಮೇಲೆ ಕೆಳಗೆ ಅಲೆಯುತ್ತಿದ್ದವು. ಶಾಲೆಯಲ್ಲಿ ಒಂದು ಹಾರ್ಮೋನಿಯಂ ಇದೆ. ಅದರ ತಿದಿಯನ್ನು ಇಲಿಗಳು ತಿಂದಿವೆ, ಒತ್ತಿದರೆ ಸ್ವರ ಬರುವುದಿಲ್ಲ, ನಿಟ್ಟುಸಿರು ಬರುತ್ತದೆ. ಫೋನಿನಲ್ಲಿ ಶ್ರುತಿಪೆಟ್ಟಿಗೆ ಸಿಗುತ್ತದೆ ಎಂದು ನಮ್ಮವರು ಹಾಕಿಕೊಟ್ಟರು. ಮೊದಲ ದಿನವೇ ಮಕ್ಕಳು ಕಣ್ಣು ಮುಚ್ಚಿ ಸಾ ಎನ್ನುತ್ತಿರುವಾಗ ಫೋನು ಬಂತು. ಕೈ ತಾಗಿ ಸ್ಪೀಕರು ಆನಾಗಿ, "ಏಮ್ಮಾ, ಬರೋವಾಗ ಕರ್ಬೇವು ತಕೊಂಡ್ ಬಾ, ಓದ್ಸಲದ ಥರ ಒಣಗಿರೋದ್ ಬ್ಯಾಡ" ಎಂದು ನಮ್ಮತ್ತೆ ಇಡೀ ನಾಲ್ಕನೇ ಕ್ಲಾಸಿಗೆ ಹೇಳಿದರು. ಆಮೇಲೆ ಒಂದು ವಾರ ಮಕ್ಕಳು ನನ್ನನ್ನು ಕಂಡಾಗಲೆಲ್ಲ "ಮಿಸ್, ಕರ್ಬೇವು?" ಎಂದು ಕಾಳಜಿಯಿಂದ ವಿಚಾರಿಸಿದವು.

ನಮ್ಮ ಶಾಲೆ ಇರುವುದು ಕೋರಮಂಡಲ್‌ನಲ್ಲಿ, ಚಿನ್ನದ ಗಣಿ ಕಾರ್ಮಿಕರ ಹಳೆಯ ಲೈನ್ ಮನೆಗಳ ಪಕ್ಕ. ಕಾಂಪೌಂಡ್ ಗೋಡೆ ದಾಟಿದರೆ ರೈಲು ಹಳಿ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ದಿನಕ್ಕೆ ನಾಲ್ಕಾರು ಸಲ ಓಡಾಡುವ ಗಾಡಿ ಅಲ್ಲಿಯ ಗೇಟಿನ ಹತ್ತಿರ ಪ್ರತಿ ಸಲವೂ ಉದ್ದಕ್ಕೆ ಕೂಗಿ ಮುಂದಕ್ಕೆ ಹೋಗುತ್ತದೆ. ದಿನವೂ ಬೆಳಿಗ್ಗೆ ಅದೇ ಗಾಡಿಯಲ್ಲಿ ಬಂದಿಳಿಯುವ ನಾನು ಅದರ ಕೂಗನ್ನು ಒಂದು ದಿನವೂ ಕಿವಿಗೆ ಹಾಕಿಕೊಂಡವಳಲ್ಲ. ನನ್ನ ಸಂಗೀತದ ಪೀರಿಯಡ್ಡು ಶನಿವಾರ. ಒಂದು ಶನಿವಾರ ನಾನು ಎಂದಿನಂತೆ ನನ್ನ ಸಾ ಎಲ್ಲಿದೆ ಎಂದು ತಡಕಾಡುತ್ತಿದ್ದೆ. ಆಚೆ ಗಾಡಿ 'ಪೋಂ' ಎಂದಿತು. ಮುಂದಿನ ಸಾಲಿನ ಅಂಬಿಕಾ ಆ ಪೋಂ ಅನ್ನು ಅಲ್ಲೇ ಹಿಡಿದು 'ಸಾ' ಎಂದಳು. ಪಕ್ಕದವನು ಅಂದ, ಹಿಂದಿನವರು ಅಂದರು, ಇಡೀ ಕ್ಲಾಸು ಅಂದಿತು. ಗಾಡಿ ಹೋದ ಮೇಲೂ ಸಾ ನಿಂತೇ ಇತ್ತು. ಅಯ್ಯೋ ದೇವರೇ! ದಿಕ್ಕಿಗೊಂದು ಓಡುತ್ತಿದ್ದ ಮಕ್ಕಳೆಲ್ಲ ಒಂದೇ ಕಡೆ ಬಂದು ನಿಂತಿದ್ದವು.

"ಅದು ಹೇಗೆ ಹಿಡಿದೆಯೇ ನೀನು?" ಎಂದು ಅಂಬಿಕಾಳನ್ನು ಕೇಳಿದೆ.

"ನಮ್ಮಮ್ಮನ ಗಾಡಿ ಅಲ್ವಾ ಮಿಸ್ ಅದು! ನಿದ್ದೇಲೂ ಗೊತ್ತಾಗ್ತೈತೆ. ಬೇರೆ ಗಾಡಿ ಕೂಗುದ್ರೆ ನಾನ್ ಏಳೋದೇ ಇಲ್ಲ" ಎಂದಳು, ಇದೇನು ಕೇಳುತ್ತಾರೆ ಎಂಬಂತೆ.

ಅವಳ ಅಮ್ಮ ಬೆಳಗಿನ ಜಾವದ ಗಾಡಿಗೆ ಬೆಂಗಳೂರಿಗೆ ಹೋಗಿ ಯಾವುದೋ ಕಟ್ಟಡದಲ್ಲಿ ನೆಲ ಒರೆಸಿ ಸಂಜೆಯ ಗಾಡಿಗೆ ವಾಪಸು ಬರುತ್ತಾಳೆ. ಕ್ಲಾಸಿನ ಅರ್ಧಕ್ಕರ್ಧ ಮಕ್ಕಳ ಮನೆಯ ಕಥೆ ಇದೇ. ಸಂಜೆ ಅಜ್ಜಿಯ ಪಕ್ಕ ಕೂತು ಅವರು ಕಾಯುವುದು ಆ ಕೂಗಿಗೆ. ಇವರ ತಾತಂದಿರು ಗಣಿಯ ಸೈರನ್ನಿಗೆ ಎದ್ದವರು, ಸೈರನ್ನಿಗೆ ಮಲಗಿದವರು. ಗಣಿ ಮುಚ್ಚಿತು, ಸೈರನ್ನು ನಿಂತಿತು, ಕಾಯುವ ಕಿವಿ ಮಾತ್ರ ಮನೆಯಲ್ಲೇ ಉಳಿದುಕೊಂಡಿತು. ಅದು ನನ್ನ ಉಪಯೋಗಕ್ಕೆ ಬಂತು ಎಂದು ನಾನು ಖುಷಿಪಟ್ಟೆ. ಆ ಖುಷಿಗೆ ಸ್ವಲ್ಪ ನಾಚಿಕೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ನನ್ನ ಕ್ಲಾಸು ಸುಸೂತ್ರವಾಯಿತು. ಗಾಡಿ ಬರುವ ಹೊತ್ತಿಗೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ಅರ್ಧ ಬಾಯಿ ತೆರೆದುಕೊಂಡು ಕೂರುವುದು. ಅದು ಪೋಂ ಎಂದ ತಕ್ಷಣ ಇವರು ಸಾ ಎನ್ನುವುದು. ಆಮೇಲೆ ನಾನೇ ಕಟ್ಟಿದ ಗುಬ್ಬಿಯ ಹಾಡು. "ಬಾರೇ ಗುಬ್ಬಿ ಅಂಗಳಕೆ, ಅಕ್ಕಿಯ ನುಚ್ಚು ಬೊಗಸೆಯಲಿ" ಎಂದು ಅವರು ತೆಗೆದರೆ ಬಿಸಿಯೂಟದ ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಮನೆಯಲ್ಲಿ ನಾನು ಜಂಬದಿಂದ ಇದನ್ನೆಲ್ಲ ವರ್ಣಿಸಿದೆ. ನಮ್ಮತ್ತೆ ಹುರುಳಿಕಾಳು ಆರಿಸುತ್ತಾ, "ಅಂಗಾರೆ ಪಾಟ ಯೋಳ್ಕೊಡ್ತಿರೋದು ರೈಲು. ಸಂಬಳ ಮಾತ್ರ ನಿಂಗಾ?" ಎಂದರು.

ತಾಪತ್ರಯ ಶುರುವಾದದ್ದು ಬೇರೊಂದು ಪೀರಿಯಡ್ಡಿನಲ್ಲಿ. ಗಾಡಿ ನನ್ನ ಪೀರಿಯಡ್ಡು ನೋಡಿಕೊಂಡು ಬರುವುದಿಲ್ಲವಲ್ಲ. ಬೇರೆ ದಿನಗಳಲ್ಲಿ ಅದೇ ಹೊತ್ತಿಗೆ ನಾಲ್ಕನೇ ಕ್ಲಾಸಿಗೆ ಗಣಿತ, ಅದನ್ನು ತೆಗೆದುಕೊಳ್ಳುವವರು ಸ್ವತಃ ಹೆಡ್‌ಮೇಷ್ಟ್ರು. ಒಂದು ದಿನ ಅವರು ಕೈಯಲ್ಲಿ ಡಸ್ಟರು ಹಿಡಿದುಕೊಂಡೇ ಸ್ಟಾಫ್‌ರೂಮಿಗೆ ಬಂದರು. ಮುಖವೆಲ್ಲ ಸುಣ್ಣ.

"ಏನ್ ಮೇಡಂ ಇದು? ಏಳೆಂಟ್ಲ ಎಷ್ಟೋ ಅಂದ್ರೆ ಕ್ಲಾಸಿಗೆ ಕ್ಲಾಸೇ ಸಾ ಅಂತೈತೆ!"

"ಗಾಡಿ ಕೂಗಿತಾ ಸಾರ್?" ಎಂದೆ ಮೆಲ್ಲಗೆ.

"ದಿನಾ ಕೂಗ್ತೈತೆ! ನಾನೂ ದಿನಾ ಕೂಗ್ತೀನಿ. ನನ್ ಕೂಗು ಯಾರ್ ಕೇಳ್ತವ್ರೆ? ನೋಡಿ, ಬಂಗಾರಪೇಟೇಲಿ ತಾಲ್ಲೂಕಿನ ಹಾಡಿನ ಸ್ಪರ್ಧೆ ಐತೆ. ಕರ್ಕೊಂಡೋಗಿ. ಬಹುಮಾನ ಬಂದ್ರೆ ನಿಮ್ ಸಂಗೀತ ಇರ್ಲಿ. ಬರ್ಲಿಲ್ವಾ, ಆ ಶನಿವಾರದ ಪೀರಿಯಡ್ಡೂ ಗಣಿತಕ್ಕೆ. ನಂಗೆ ಇವ್ರ ಬಾಯಿಂದ ಸಾ ಬಿಡ್ಸಬೇಕು."

ಬೇಡದ ಕೆಲಸ ತಾನಾಗಿ ಹೋಗುತ್ತದೆ ಎಂದರೆ ಬುದ್ಧಿ ಇರುವವರು ಬಾಯಿ ಮುಚ್ಚಿಕೊಂಡು ಇರುತ್ತಾರೆ. ನಾನು ಮಾತ್ರ ಅವತ್ತೇ ಸ್ಪರ್ಧೆಗೆ ಹೆಸರು ಕೊಟ್ಟೆ. ವಾರವಿಡೀ ನಾನು ಆ ಒಂದು ಪೀರಿಯಡ್ಡಿಗೆ ಕಾಯುತ್ತಿದ್ದೆ ಎಂದು ಗೊತ್ತಾದದ್ದೇ ಆಗ. ಮಕ್ಕಳಿಗೆ ಹೇಳಿದಾಗ ಅಂಬಿಕಾ ಎದ್ದು ನಿಂತು, "ಓಗ್ಲಿ ಬಿಡಿ ಮಿಸ್, ಗೆದ್ಕೊಂಡ್ ಬತ್ತೀವಿ" ಎಂದು ನನಗೇ ಧೈರ್ಯ ಹೇಳಿದಳು.

ಸ್ಪರ್ಧೆಯ ದಿನ ಮಕ್ಕಳೆಲ್ಲ ತಲೆಗೆ ಎಣ್ಣೆ ಸುರಿದುಕೊಂಡು, ಇಸ್ತ್ರಿ ಮಾಡಿದ ಯೂನಿಫಾರಂ ಹಾಕಿಕೊಂಡು ಬಂದಿದ್ದರು. ಹೆಡ್‌ಮೇಷ್ಟ್ರೂ ಜೊತೆಗೆ ಬಂದರು, ತೀರ್ಪನ್ನು ಕಣ್ಣಾರೆ ನೋಡಬೇಕಿತ್ತಲ್ಲ. ನಮ್ಮನ್ನು ಕರೆದರು. ಮಕ್ಕಳು ವೇದಿಕೆ ಹತ್ತಿ ಎರಡು ಸಾಲಾಗಿ ನಿಂತರು. ಬೆನ್ನು ನೆಟ್ಟಗಾಯಿತು, ಬಾಯಿ ಅರ್ಧ ತೆರೆಯಿತು. ಅಷ್ಟೇ. ಯಾರೂ ಹಾಡಲಿಲ್ಲ. ನಾನು ಕೆಳಗಿನಿಂದ 'ಸಾ' ಎಂದು ಕೊಟ್ಟೆ. ಅವರು ನನ್ನ ಕಡೆ ನೋಡಲೂ ಇಲ್ಲ, ಕಿಟಕಿಯ ಕಡೆ ನೋಡುತ್ತಿದ್ದರು. ಆಗ ನನಗೆ ಹೊಳೆಯಿತು. ಗಾಡಿ ಕೂಗದೆ ಇವರು ಒಂದು ದಿನವೂ ಹಾಡು ಶುರುಮಾಡಿದ್ದೇ ಇಲ್ಲ!

ತೀರ್ಪುಗಾರರಿಬ್ಬರು. ಒಬ್ಬರು ವಯಸ್ಸಾದ ಸಂಗೀತದ ಟೀಚರಮ್ಮ, ಇನ್ನೊಬ್ಬರು ಕೈಗಡಿಯಾರ ನೋಡುವವರು. ಅವರು ಗಡಿಯಾರ ನೋಡಿದರು. ನಾನು ಮನಸ್ಸಿನಲ್ಲೇ, ಒಂದು ಗಾಡಿ ಕೂಗಲಪ್ಪಾ ದೇವರೇ ಎಂದೆ. ಬಂಗಾರಪೇಟೆ ಎಂದರೆ ಜಂಕ್ಷನ್ನು, ಸ್ಪರ್ಧೆ ನಡೆದ ಹಾಲ್ ಸ್ಟೇಷನ್ನಿನ ಬೆನ್ನಿಗೇ ಇತ್ತು. ದೇವರಿಗೆ ನನ್ನ ಮೊರೆ ಕೇಳಿಸಿತು, ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಕೇಳಿಸಿತು. ಯಾವುದೋ ಎಕ್ಸ್‌ಪ್ರೆಸ್ಸು ಕಿವಿ ಕಿತ್ತುಹೋಗುವಂತೆ ಕೂಗಿತು. ಅದು ನಮ್ಮ ಗಾಡಿಗಿಂತ ಎಷ್ಟೋ ಮೇಲೆ. ಶಿಸ್ತಿನ ಮಕ್ಕಳು ಅಲ್ಲಿಗೇ ಹತ್ತಿ 'ಬಾರೇ ಗುಬ್ಬಿ' ಎಂದು ಕಿರುಚಿದರು, ಕುತ್ತಿಗೆಯ ನರಗಳೆಲ್ಲ ಕಾಣುತ್ತಿದ್ದವು. ಒಂದು ಚರಣ ಹೇಗೋ ದಾಟಿತು. ಅಷ್ಟರಲ್ಲಿ ಗೂಡ್ಸ್ ಗಾಡಿಯೊಂದು ದಪ್ಪ ಗಂಟಲಲ್ಲಿ ಕೂಗಿತು. ಎಲ್ಲರೂ ಹಾಡುತ್ತಿದ್ದ ಹಾಗೆಯೇ ದಡದಡ ಆ ಸ್ವರಕ್ಕೆ ಇಳಿದರು, ಗುಬ್ಬಿ ಹೋಗಿ ಗೂಬೆಯಾಯಿತು. ಕೊನೆಯ ಸಾಲಿನಲ್ಲಿ ಎರಡು ಗಾಡಿ ಒಟ್ಟಿಗೆ ಕೂಗಿದವು. ಬಲಗಡೆಯವರು ಒಂದನ್ನು ಹಿಡಿದರು, ಎಡಗಡೆಯವರು ಇನ್ನೊಂದನ್ನು. ಅಂಬಿಕಾ ಮಾತ್ರ ನಡುವೆ ನಿಂತು, ಇವು ಯಾವುವೂ ನಮ್ಮ ಗಾಡಿಯಲ್ಲ ಎಂಬ ಸಿಟ್ಟಿನಲ್ಲಿ ಬಾಯಿ ಬಿಗಿದುಕೊಂಡಿದ್ದಳು.

ಟೀಚರಮ್ಮ ಕಣ್ಣೊರೆಸಿಕೊಂಡರು. ನಕ್ಕು ನಕ್ಕು ನೀರು ಬಂದಿತ್ತು. "ಮಕ್ಕಳ ಕಿವಿ ಬಹಳ ಚುರುಕಾಗಿದೆ" ಎಂದು ಮೈಕಿನಲ್ಲಿ ಹೊಗಳಿದರು. ಕಿವಿಗೆ ಬಹುಮಾನ ಇರಲಿಲ್ಲ. ಎಲ್ಲರಿಗೂ ಕೊಡುವಂತೆ ನಮಗೂ ಬಿಸ್ಕತ್ತು ಪೊಟ್ಟಣ ಕೊಟ್ಟರು. ಮಕ್ಕಳು ಅದನ್ನೇ ಬಹುಮಾನವೆಂದು ತಿಳಿದು ಕುಣಿದಾಡಿದವು. ಹೆಡ್‌ಮೇಷ್ಟ್ರು ಜೇಬಿನಿಂದ ಟೈಂಟೇಬಲ್ ತೆಗೆದು ಶನಿವಾರದ ಸಂಗೀತಕ್ಕೆ ಗೀಟು ಹಾಕಿದರು. ಅವರು ಬೈದಿದ್ದರೆ ವಾಸಿಯಾಗಿತ್ತು.

ವಾಪಸು ಹೊರಟದ್ದು ಸಂಜೆಯ ಗಾಡಿಗೆ. ಬೆಂಗಳೂರಿನಿಂದ ಬರುವ ಆ ಗಾಡಿ ಕಾಲಿಡಲು ಜಾಗವಿಲ್ಲದಂತೆ ತುಂಬಿತ್ತು, ಎಲ್ಲರೂ ಕೆಲಸ ಮುಗಿಸಿ ಬಂದವರು. ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಲ್ಲೇ ತೂಕಡಿಸುವ ಹೆಂಗಸರು. "ಅಮ್ಮಾ!" ಎಂದು ಅಂಬಿಕಾ ನುಗ್ಗಿದಳು. ಇನ್ನೂ ನಾಲ್ಕಾರು ಮಕ್ಕಳು "ನಮ್ಮಮ್ಮ! ನಮ್ಮಮ್ಮ!" ಎಂದು ನುಗ್ಗಿದವು. ಬಿಸ್ಕತ್ತು ಪೊಟ್ಟಣಗಳು ಮೇಲೆದ್ದವು. ಗಾಡಿ ಹೊರಟಿತು. ನಾನು ಬಾಗಿಲ ಹತ್ತಿರ ಕಂಬಿ ಹಿಡಿದುಕೊಂಡು, ಮುಂದಿನ ಶನಿವಾರ ಈ ಮಕ್ಕಳ ಮುಖ ಹೇಗೆ ನೋಡಲಿ ಎಂದು ಯೋಚಿಸುತ್ತಿದ್ದೆ.

ಊರಾಚೆಯ ಗೇಟು ಬಂತು. ನಮ್ಮ ಗಾಡಿ ಕೂಗಿತು.

ಅಮ್ಮನ ತೊಡೆಯ ಮೇಲಿದ್ದ ಅಂಬಿಕಾ ನೆಟ್ಟಗಾದಳು. "ಸಾ" ಎಂದಳು. ಅಲ್ಲೊಂದು ಇಲ್ಲೊಂದು ಸಿಕ್ಕಿಕೊಂಡಿದ್ದ ಮಕ್ಕಳೆಲ್ಲ ಇದ್ದಲ್ಲಿಂದಲೇ ಸಾ ಎಂದವು. ಬ್ಯಾಗುಗಳ ಸಂದಿಯಿಂದ, ಸೀಟಿನ ಕೆಳಗಿನಿಂದ, ಯಾರದೋ ಕಂಕುಳ ಕೆಳಗಿನಿಂದ ಗುಬ್ಬಿಯ ಹಾಡು ಎದ್ದಿತು. ಒಂದು ಎಳೆಯೂ ಆಚೀಚೆ ಹೋಗಲಿಲ್ಲ. ತೂಕಡಿಸುತ್ತಿದ್ದವರೆಲ್ಲ ಕಣ್ಣು ಬಿಟ್ಟರು. ಅಂಬಿಕಾಳ ಅಮ್ಮ ಮಗಳ ಬಾಯಿಯನ್ನೇ ನೋಡುತ್ತಿದ್ದಳು. ಬೆಳಕು ಹರಿಯುವ ಮುಂಚೆ ಹೋಗಿ ಕತ್ತಲಾಗುವ ಹೊತ್ತಿಗೆ ಬರುವವಳು ಮಗಳ ಹಾಡನ್ನು ಯಾವಾಗ ಕೇಳಿರಬೇಕು? "ನನ್ ಕಣ್ಣೇ, ಇದೆಲ್ಲಾ ಯಾವಾಗ್ ಕಲ್ತೆ?" ಎಂದು ಮುಖವನ್ನೆಲ್ಲ ಸವರಿದಳು. ನನ್ನ ಕಡೆ ತಿರುಗಿ, "ಮಿಸ್, ಇನ್ನೊಂದ್ಸಲ ಹಾಡ್ಸಿ ಮಿಸ್" ಎಂದಳು. ನಾನು ಹಾಡಿಸಬೇಕಾಗಿರಲಿಲ್ಲ, ಮುಂದೆ ಇನ್ನೊಂದು ಗೇಟು ಇತ್ತು. ನನಗೆ ಅಳು ಬಂದುಬಿಟ್ಟಿತು. ಕಣ್ಣಿಗೆ ಧೂಳು ಬಿತ್ತು ಎಂದು ಹೇಳುವ ಗೋಜಿಗೂ ಹೋಗದೆ ಅತ್ತುಕೊಂಡೆ.

ಹೆಡ್‌ಮೇಷ್ಟ್ರು ಕಿಟಕಿಯ ಪಕ್ಕ ನಿಂತು ತೊಡೆಗೆ ತಾಳ ಹಾಕುತ್ತಿದ್ದರು. ಗಣಿತದವರಾದರೂ ತಾಳದ ಲೆಕ್ಕ ತಪ್ಪುತ್ತಿತ್ತು. ಕೋರಮಂಡಲ್‌ನಲ್ಲಿ ಇಳಿದ ಮೇಲೆ ನನ್ನ ಹತ್ತಿರ ಬಂದು ಕೆಮ್ಮಿದರು.

"ಮೇಡಂ, ಗಣಿತಾನ ಗಾಡಿ ಇಲ್ದಿರೋ ಹೊತ್ತಿಗೆ ಹಾಕ್ಕೊಂತೀನಿ. ಗಾಡಿ ಹೊತ್ತಲ್ಲಿ ನಿಮ್ದಿರ್ಲಿ. ಶನಿವಾರಾನೂ ಇರ್ಲಿ, ಬುಧವಾರಾನೂ ತಕೊಳ್ಳಿ."

ಒಂದು ಪೀರಿಯಡ್ಡು ಕಳೆದುಕೊಳ್ಳಲು ಹೋಗಿ ಎರಡು ಸಂಪಾದಿಸಿದ ನಾನು ಮನೆಗೆ ಬಂದು ಪಾಯಸ ಮಾಡಿದೆ. ಇಷ್ಟೆಲ್ಲ ಆದ ಮೇಲೆ ಮನುಷ್ಯರಿಗೆ ತಲೆ ತಿರುಗುವುದು ಸಹಜ. ಮಕ್ಕಳು ಇಷ್ಟು ಚೆನ್ನಾಗಿ ಹಾಡುತ್ತಾರೆ ಎಂದರೆ ಕಲಿಸಿದವರಲ್ಲೂ ಏನಾದರೂ ಇರಲೇಬೇಕು ಎಂದು ಪಾಯಸ ಕುಡಿಯುತ್ತಾ ನನಗೆ ಅನ್ನಿಸತೊಡಗಿತು. ಹೊಸ ಟೈಂಟೇಬಲ್ಲಿನ ಮೊದಲ ಬುಧವಾರ, ಹಳಿ ರಿಪೇರಿಯೋ ಏನೋ, ಗಾಡಿ ಹೊತ್ತಿಗೆ ಬರಲಿಲ್ಲ. ಮಕ್ಕಳು ಅರ್ಧ ಬಾಯಿ ತೆರೆದುಕೊಂಡು ಕಿಟಕಿ ನೋಡುತ್ತಾ ಕೂತಿದ್ದರು. ಇದೇ ಸಮಯ ಎಂದುಕೊಂಡೆ. ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಎದೆ ತುಂಬಿಕೊಂಡು, "ಸಾ" ಎಂದೆ. ಚೆನ್ನಾಗಿಯೇ ಬಂತು ಎಂದು ನನ್ನ ಭಾವನೆ.

ಕಣ್ಣು ಬಿಟ್ಟಾಗ ಇಡೀ ಕ್ಲಾಸು ನನ್ನನ್ನು ಕನಿಕರದಿಂದ ನೋಡುತ್ತಿತ್ತು. ಅಂಬಿಕಾ ಎದ್ದು ನಿಂತಳು. ನನ್ನ ಮನಸ್ಸು ನೋಯಬಾರದು ಎಂದು ಸ್ವಲ್ಪ ಹೊತ್ತು ಯೋಚಿಸಿದಳು.

"ಮಿಸ್," ಎಂದಳು, "ಗಾಡಿ ಬರೋಗಂಟ ಗಣಿತ ಮಾಡಣ್ವಾ?"

ನಾನು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಎಂಟರ ಮಗ್ಗಿ ಬರೆದೆ.