ಆರನೆಯ ಸಾಲಿಗೆ ಧನ್ಯವಾದ

“ಆರನೇ ಸಾಲು ಏನಪ್ಪಾ ಅದು?”

ಕೆನ್ನೆಗೆ ಸೋಪಿನ ನೊರೆ ಬಳಿದುಕೊಂಡು ರಾಮಚಂದ್ರಪ್ಪ ಮೇಷ್ಟ್ರು ಕೇಳಿದರು. ಎದುರಿಗಿದ್ದದ್ದು ಕನ್ನಡಿ. ಅದಕ್ಕೂ ಗೊತ್ತಿರಲಿಲ್ಲ.

ಹದಿನೆಂಟು ವರ್ಷದ ಹಿಂದೆ ಗುರುಗಳಾದ ಸುಬ್ಬರಾಯಪ್ಪನವರು ತಮ್ಮ ಕೊನೆಯ ಕಾವ್ಯವಾಚನದ ದಿನ, ಕೂತಲ್ಲೇ ಒಂದು ಷಟ್ಪದಿ ಕಟ್ಟಿ ಹಾಡಿದ್ದರು. ಬರೆದಿಡಲಿಲ್ಲ, ವಾರದಲ್ಲೇ ತೀರಿಕೊಂಡರು. ಐದು ಸಾಲು ಮೇಷ್ಟ್ರ ನಾಲಿಗೆಯಲ್ಲಿ ಉಳಿದವು. ದಿನಾ ದೇವರ ಮುಂದೆ ಆ ಐದನ್ನು ಹಾಡಿ, ಆರನೆಯದರ ಜಾಗದಲ್ಲಿ ಗಂಟೆ ಬಾರಿಸಿಬಿಡುತ್ತಿದ್ದರು.

ಇವತ್ತು ಅದು ಸಿಗುವುದಿತ್ತು. ಕೋಲಾರದ ಸುನಂದ ಎಂಬಾಕೆಗೆ, ಆ ವಾಚನವನ್ನು ರೆಕಾರ್ಡ್ ಮಾಡಿಕೊಂಡಿದ್ದ ತನ್ನ ತಂದೆಯ ಪೆಟ್ಟಿಗೆಯಲ್ಲಿ ಆ ದಿನದ ಕ್ಯಾಸೆಟ್ಟು ಸಿಕ್ಕಿತ್ತು. ಪದ್ಯವನ್ನು ಕಂಪ್ಯೂಟರಿಗೆ ಇಳಿಸಿ ನಾಲ್ಕು ಗಂಟೆಗೆ ಮೇಲ್ ಮಾಡುವುದಾಗಿ ಬರೆದಿದ್ದಳು. ‘ಮೇಲ್ ಬಾಕ್ಸಲ್ಲಿ ಜಾಗ ಇಟ್ಕೊಂಡಿರಿ ಸಾರ್. ಇದರಲ್ಲಿ ನಿಮ್ಮ ದನೀನೂ ಇದೆ.’ ಮೇಷ್ಟ್ರು ಹಿಗ್ಗಿದ್ದರು. ಗುರುಗಳ ಜೊತೆ ತಾವೂ ದನಿಗೂಡಿಸಿರಬೇಕು!

ಮೇಷ್ಟ್ರಿಗಿದ್ದದ್ದು ಒಂದೇ ಚಟ, ಕೃತಜ್ಞತೆ. ಪದ್ಯ ಕೇಳಿದವನು ಹೇಳಿದವನಿಗೆ ಕೈಮುಗಿಯದೆ ಏಳಬಾರದು ಎಂದು ಕಲಿತು ಬೆಳೆದವರು. ಚಿಲ್ಲರೆಗಾಗಿ ಬೈದ ಕಂಡಕ್ಟರಿಗೂ ಧನ್ಯವಾದ ಹೇಳಿಯೇ ಇಳಿಯುವವರು.

ಮೂರು ಗಂಟೆಗೆ ಮುಳಬಾಗಿಲು ಬಸ್‌ಸ್ಟ್ಯಾಂಡಿನ ಪಕ್ಕದ ಆದಿಲಕ್ಷ್ಮಿಯ ಅಂಗಡಿಗೆ ಬಂದರು. ಮೊದಲು ಎಸ್‌ಟಿಡಿ ಬೂತಾಗಿದ್ದದ್ದು, ಎರಡು ಕಂಪ್ಯೂಟರ್ ಬಂದ ಮೇಲೆ ಸೈಬರ್ ಸೆಂಟರ್ ಆಗಿತ್ತು.

“ಸಾರ್, ನಿಮ್ ಬಾಕ್ಸ್ ತುಂಬೋಕ್ ಬಂದಿದೆ,” ಎಂದಳು ಆದಿಲಕ್ಷ್ಮಿ. “ಇದೇನು ಉಗ್ರಾಣ ಅಲ್ಲ, ಉಪ್ಪಿನಕಾಯಿ ಜಾಡಿಯಷ್ಟೇ ಜಾಗ.”

ತುಂಬಿಸಿದ್ದು ಕಾವ್ಯವಾಚನ ಬಳಗ. ಅಲ್ಲಿ ಒಬ್ಬರು ಬರೆದರೆ ಐವತ್ತೆರಡು ಮಂದಿಗೂ ಹೋಗುತ್ತದೆ. ಈ ವರ್ಷದ ವಾಚನ ಮಾಲೂರಿನಲ್ಲಾಗಲಿ ಎಂದು ಚಂದ್ರಮೋಹನ್ ಬರೆದಿದ್ದ. ಮೇಷ್ಟ್ರು ‘ತಿಳಿಸಿದ್ದಕ್ಕೆ ಧನ್ಯವಾದ’ ಎಂದಿದ್ದರು. ಶ್ರೀನಿವಾಸಪುರವೇ ಸರಿ ಎಂದು ಕದಿರಪ್ಪ ಬರೆದಿದ್ದ. ಅವನಿಗೂ ಧನ್ಯವಾದ. ಈಗ ಎರಡೂ ಪಕ್ಷದವರು ‘ಮೇಷ್ಟ್ರು ನಮ್ಮ ಕಡೆ’ ಎಂದು ಕಿತ್ತಾಡುತ್ತಿದ್ದರು. ಆ ಕಡೆಯಿಂದ ಮಾಲೂರಿನ ಹೆಂಚು, ಈ ಕಡೆಯಿಂದ ಶ್ರೀನಿವಾಸಪುರದ ಮಾವಿನಕಾಯಿ ತೂರಿದಂತೆ ಕಾಗದಗಳು ಬೀಳುತ್ತಿದ್ದವು.

“ಡಿಲೀಟ್ ಮಾಡಿ ಸಾರ್.”

“ಓದದೆ ಬಿಸಾಕೋದಾ? ಪಾಪ, ಕಷ್ಟಪಟ್ಟು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದ್ದಾರಮ್ಮ.”

ಒಂದೊಂದನ್ನೂ ಓದಿದರು, ಒಂದೊಂದಕ್ಕೂ ಧನ್ಯವಾದ ಬರೆದು ಕಳಿಸಿ, ಆಮೇಲೆ ಅದನ್ನು ಅಳಿಸಿದರು. ಒಂದು ಅಳಿಸಿದರೆ ಮೂರು ಬಂದವು.

ಪಕ್ಕದಂಗಡಿಯ ಟೈಲರ್ ಮುನಿಶಾಮಿ ಕತ್ತರಿ ಹಿಡಿದೇ ಒಳಗೆ ಬಂದ. “ಏಮಿ ಸಾರ್ ಈ ಗಲಾಟೆ? ಎಲ್ರೂ ಬಾಯ್ಮುಚ್ಕೊಳ್ಳಿ ಅಂತ ಒಂದೇಟು ಬರೆದ್ಬಿಡಿ!”

ಮೇಷ್ಟ್ರು ಅದನ್ನೇ ನಯವಾಗಿ ಬರೆದರು: ‘ದಯಮಾಡಿ ಎಲ್ಲರೂ ಒಂದು ಗಂಟೆ ಮೌನವಾಗಿರಬೇಕು. ಧನ್ಯವಾದ.’

ಬಳಗ ಮೇಷ್ಟ್ರ ಮಾತು ಮೀರುವಂಥದ್ದಲ್ಲ. ‘ನಾನು ಮೌನವಾಗಿದ್ದೇನೆ’ ಎಂದು ಒಬ್ಬರು ಬರೆದರು. ‘ನಾನೂ’ ಎಂದು ಇನ್ನೊಬ್ಬರು. ‘ಮಾಲೂರಿನವರು ಮೊದಲು ಮೌನವಾದದ್ದನ್ನು ಗಮನಿಸಬೇಕು’ ಎಂದು ಚಂದ್ರಮೋಹನ್. ನಾಲ್ಕಕ್ಕೆ ಐದು ನಿಮಿಷವಿರುವಾಗ ಐವತ್ತೊಂದು ಮೌನಗಳು ಬಂದು ಜಾಡಿ ತುಂಬಿ ತುಳುಕಿತು.

“ಐಡಿಯಾ ಕೊಟ್ಟೋನು ಇವ್ನು, ನೋಡಿ!” ಎಂದು ಆದಿಲಕ್ಷ್ಮಿ ತಿರುಗುವಷ್ಟರಲ್ಲಿ ಮುನಿಶಾಮಿ ಅಳತೆಯ ನೆಪ ಹೇಳಿ ಜಾರಿಕೊಂಡಿದ್ದ.

ನಾಲ್ಕೂವರೆಗೆ ಬೂತಿನ ಫೋನು ಬಡಿದುಕೊಂಡಿತು. ಸುನಂದ.

“ಸಾರ್, ಮೇಲ್ ವಾಪಸ್ ಬಂತು. ಹೋಗ್ಲಿ ಬಿಡಿ, ಫೋನಲ್ಲೇ ಹಾಕ್ತೀನಿ, ಕೇಳಿ,” ಎಂದಳು. ನಗು ತಡೆದುಕೊಂಡ ಹಾಗಿತ್ತು ದನಿ.

ಮೇಷ್ಟ್ರು ಚಪ್ಪಲಿ ಬಿಟ್ಟು, ರಿಸೀವರನ್ನು ಕಣ್ಣಿಗೊತ್ತಿಕೊಂಡು ಕಿವಿಗಿಟ್ಟರು.

ಗುರುಗಳು! ಅದೇ ಗಂಟಲು. ಒಂದನೆಯ ಸಾಲು, ಎರಡನೆಯದು… ಮೇಷ್ಟ್ರ ಕಣ್ಣಲ್ಲಿ ನೀರು. ಐದನೆಯದು ಮುಗಿಯಿತು. ಗುರುಗಳು ಉಸಿರೆಳೆದುಕೊಂಡರು.

ಅಷ್ಟರಲ್ಲಿ ಯಾರೋ ತರುಣ, ಬಸ್‌ಸ್ಟ್ಯಾಂಡಿನಲ್ಲಿ ಊರ ಹೆಸರು ಕೂಗುವವನಂತೆ ಅರಚಿದ: “ಧನ್ಯವಾದ ಗುರುಗಳೇ! ಧನ್ಯವಾದ! ಜನ್ಮ ಸಾರ್ಥಕ! ಮೊದಲು ಸುಣ್ಣ ಹೊಡೆಸಿದೋರಿಗೆ, ಆಮೇಲೆ ಚಾಪೆ ಕೊಟ್ಟೋರಿಗೆ, ಮೈಕಿನೋರಿಗೆ…”

ದನಿ ಮೇಷ್ಟ್ರದೇ. ಅದರಡಿಯಲ್ಲೆಲ್ಲೋ ಆರನೆಯ ಸಾಲು ಗೊಣಗೊಣ ಎಂದು ಹರಿದುಹೋಯಿತು. ಕೊನೆಗೆ ಗುರುಗಳ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು: “ಲೇ ರಾಮಚಂದ್ರ, ಇನ್ನೊಂದು ಸಾಲಿತ್ತು ಕಣೋ. ತಡಿ, ಇನ್ನೊಂದ್ಸಲ ಹೇಳ್ತೀನಿ…”

ಟಕ್. ಕ್ಯಾಸೆಟ್ಟು ಮುಗಿದಿತ್ತು.

ಮರೆತದ್ದಲ್ಲ, ಗುರುಗಳು ಎಷ್ಟು ಸಲ ಹೇಳಿದ್ದರೂ ಧನ್ಯವಾದದ ಭರದಲ್ಲಿ ಮೇಷ್ಟ್ರು ಅದನ್ನು ಕೇಳಿಯೇ ಇರಲಿಲ್ಲ.

ರಿಸೀವರ್ ಇಟ್ಟು ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ಮುಖ ನಿಧಾನವಾಗಿ ಅರಳಿತು. “ಗುರುಗಳು ನನ್ನ ಹೆಸರು ಹಿಡಿದು ಕೂಗಿದ್ರಮ್ಮ, ಆದಿಲಕ್ಷ್ಮೀ. ಹದಿನೆಂಟು ವರ್ಷದ ಮೇಲೆ! ಎಂಥಾ ಭಾಗ್ಯ! ಎರಡೇ ನಿಮಿಷ ಕಂಪ್ಯೂಟರ್ ಕೊಡು, ಸುನಂದಮ್ಮಂಗೆ ಒಂದು ಧನ್ಯವಾದ…”

ಆದಿಲಕ್ಷ್ಮಿ ಕಂಪ್ಯೂಟರಿನ ಸ್ವಿಚ್ಚು ಆರಿಸಿ ಮೇಲೆ ಬಟ್ಟೆ ಹೊದಿಸಿದಳು.

“ಕೊಡಲ್ಲ ಸಾರ್.”